ಶಬ್ದ: ಇಲ್ಲ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಷಟರ್ ಎತ್ತುತ್ತಿದ್ದೆ, ಬೀದಿಯ ತುದಿಯಿಂದ ಕೂಗು ಕೇಳಿಸಿತು. ಇಂಜಿನ್ ಬೆಲ್ಟಿನ ಕೂಗು. ಹಂದಿಮರಿಯ ಕಾಲನ್ನು ಯಾರೋ ತುಳಿದುಕೊಂಡೇ ನಿಂತ ಹಾಗೆ, ಒಂದೇ ಸಮ. ವ್ಯಾನು ಬಂದು ನಮ್ಮ ಗ್ಯಾರೇಜಿನ ಮುಂದೆ ನಿಂತಾಗ, ಬಾನೆಟ್ ಎತ್ತುವ ಮೊದಲೇ ವಾಸನೆಯೂ ಬಂತು. ಇಂಜಿನ್ ತಣಿಸುವ ಕೂಲಂಟ್ ನೀರಿನದು, ಬಿಸಿ ಕಬ್ಬಿಣದ ಮೇಲೆ ಸಕ್ಕರೆ ಪಾಕ ಚೆಲ್ಲಿದಂಥ ವಾಸನೆ. ಈ ಕೂಗು, ಈ ವಾಸನೆ ಜೊತೆಯಾಗಿ ಬಂದರೆ ಮುಂದೇನು ಎಂದು ನನಗೆ ಗೊತ್ತು.

ಇಳಿದವಳು ಅಕ್ಕ.

"ಏನೇ ಹಾಗೆ ನೋಡ್ತೀಯ? ಗಿರಾಕಿ ಬಂದ್ರೆ ಕೂತ್ಕೊಳ್ಳಿ ಅನ್ನೋ ಪದ್ಧತಿ ಇಲ್ವಾ ಇಲ್ಲಿ?"

"ಯಾರ ವ್ಯಾನು ಇದು?"

"ನಮ್ದೇ. ಹೋದ ತಿಂಗಳು ಅವರು ತಗೊಂಡ್ರು. ಸೆಕೆಂಡ್ ಹ್ಯಾಂಡು."

ಅವರು ಅಂದರೆ ಅವಳ ಗಂಡ. ನನಗೆ ಭಾವ ಆಗಬೇಕು ಎಂದು ಜನ ಹೇಳುತ್ತಾರೆ. ಜನ ಏನು ಬೇಕಾದರೂ ಹೇಳಲಿ. ಈ ಪುಸ್ತಕದಲ್ಲಿ ಅವನು ಫೋರ್‌ಮನ್, ಅಷ್ಟೇ.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇದೇ ವ್ಯಾನಿನಲ್ಲಿ ಗುಡ್ಡದ ರಸ್ತೆ ಹತ್ತಿ ಆಚೆಗಿರುವ ಮಗಳ ಮನೆಗೆ ಹೋಗುತ್ತಾರಂತೆ. ಮಗಳು ಬಸುರಿ, ಎಂಟು ತಿಂಗಳು ತುಂಬಿದೆ. "ಈ ಶಬ್ದ ಇಟ್ಕೊಂಡು ಗುಡ್ಡ ಹತ್ತೋಕೆ ನಂಗೆ ಭಯ ಕಣೇ. ಅವರಿಗೆ ಹೇಳಿದ್ರೆ, ಶಬ್ದ ಎಲ್ಲಿದೆ, ಎಲ್ಲಾ ನಿನ್ನ ಭ್ರಮೆ ಅಂತಾರೆ. ಅವರಿಗೆ ಗೊತ್ತಾಗ್ದಂಗೆ ತಂದಿದೀನಿ."

ಭ್ರಮೆ! ಅದೇ ಮಾತು. ಹನ್ನೊಂದು ವರ್ಷದ ಹಿಂದೆ ಬಸ್ ಡಿಪೋದಲ್ಲಿ ನನಗೆ ಹೇಳಿದ ಅದೇ ಮಾತನ್ನು ಬದಲಾಯಿಸುವ ಕಷ್ಟವನ್ನೂ ಅವನು ತೆಗೆದುಕೊಂಡಿಲ್ಲ.

ಆವತ್ತು ಬೆಳಗಿನ ಮೊದಲ ಬಸ್ಸು. ಹೊರಡುವ ಮುಂಚೆ ಪರೀಕ್ಷೆ ಮಾಡುವ ಪಾಳಿ ನನ್ನದು. ಬೆಲ್ಟು ಕೂಗುತ್ತಿತ್ತು, ಕೂಲಂಟ್ ವಾಸನೆ ಹೊಡೆಯುತ್ತಿತ್ತು. ಫೋರ್‌ಮನ್ನನ್ನು ಕರೆದೆ. ಅವನ ಕಿವಿಯೆಂದರೆ ಡಿಪೋದಲ್ಲಿ ಕೋರ್ಟಿನ ತೀರ್ಪಿದ್ದ ಹಾಗೆ. ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ಒತ್ತಿ, ಅದರ ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದನೆಂದರೆ ಯಾವ ಬೇರಿಂಗ್ ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಿದ್ದ. ಆವತ್ತೂ ಹಾಗೇ ಕೇಳಿದ. "ಶಬ್ದ ಎಲ್ಲಿದೆ? ಭ್ರಮೆ. ವಾಸನೆ ರೇಡಿಯೇಟರ್ ಮುಚ್ಚಳದ್ದು, ಬೆಳಿಗ್ಗೆ ತುಂಬಿಸುವಾಗ ಚೆಲ್ಲಿದೆ. ಬರ್ಕೋ, ಶಬ್ದ ಇಲ್ಲ." ಡಿಪೋದ ಪದ್ಧತಿಯೇ ಅದು. ಫೋರ್‌ಮನ್ ಹೇಳುವುದು, ಪರೀಕ್ಷೆ ಮಾಡಿದವರು ಹಳದಿ ಕಾರ್ಡಿನಲ್ಲಿ ಬರೆದು ಸಹಿ ಮಾಡುವುದು. ಬರೆದೆ, ಸಹಿ ಮಾಡಿದೆ. ಇನ್ನೇನು ಮಾಡಬೇಕಿತ್ತು?

ಗುಡ್ಡದ ಅರ್ಧದಲ್ಲಿ ನೀರಿನ ಪಂಪು ಹಿಡಿದುಕೊಂಡು ಬೆಲ್ಟು ಹರಿಯಿತು, ಇಂಜಿನ್ ಕುದಿಯಿತು. ಡ್ರೈವರಣ್ಣ ಇಳಿದು ಬಾನೆಟ್ ಎತ್ತಿದಾಗ ಪೈಪು ಒಡೆದು ಕುದಿನೀರು ಅವನ ಬಲಗೈ ಮೇಲೆ, ಕುತ್ತಿಗೆ ಮೇಲೆ. ವಿಚಾರಣೆಯಲ್ಲಿ ನಾನು ಶಬ್ದ ಇತ್ತು ಅಂದೆ. ಫೋರ್‌ಮನ್ ಎದೆ ಸೆಟೆಸಿ ನಿಂತು ಹೇಳಿದ: "ಶಬ್ದ ಇರಲಿಲ್ಲ. ಇದ್ದಿದ್ರೆ ನನಗೆ ಕೇಳಿಸ್ತಿತ್ತು. ಅವಳೇ ಬರೆದಿದ್ದಾಳೆ ನೋಡಿ." ಕಾರ್ಡ್ ತೆಗೆದು ನೋಡಿದರು. ನನ್ನ ಅಕ್ಷರ, ನನ್ನ ಸಹಿ. ವರ್ಕ್‌ಶಾಪಿಗೆ ಸೇರಿದ ಮೊದಲ ಹೆಣ್ಣು ನಾನು. ಕೆಲಸ ಕಳೆದುಕೊಂಡು ಮನೆಗೆ ಹೋದ ಮೊದಲ ಹೆಣ್ಣೂ ಆದೆ. ಇಲ್ಲದ ಪೀಪಿ ಕೇಳಿಸುವವಳು ಎಂದು ಪೀಪಿ ಅಂತ ಹೆಸರಿಟ್ಟು ಕಳಿಸಿದರು.

ಇರಲಿ. ಇವತ್ತಿನ ಕೆಲಸ ಬರೆಯುತ್ತೇನೆ. ಇಂಜಿನ್ ಓಡುತ್ತಿರುವಾಗ ಬೆಲ್ಟಿನ ಮೇಲೆ ನೀರು ಚಿಮುಕಿಸಿದೆ. ಬರೀ ಬೆಲ್ಟಿನ ತಕರಾರಾದರೆ ಕೂಗು ಒಂದು ಗಳಿಗೆಯಾದರೂ ಬದಲಾಗಬೇಕು. ಬದಲಾಗಲಿಲ್ಲ. ಇಂಜಿನ್ ನಿಲ್ಲಿಸಿ, ಬೆಲ್ಟು ಬಿಚ್ಚಿ, ಅದು ಸುತ್ತುವ ಒಂದೊಂದೇ ಗಾಲಿಯನ್ನು ಕೈಯಲ್ಲಿ ತಿರುಗಿಸಿದೆ. ಡೈನಮೋದ ಗಾಲಿ ನುಣ್ಣಗೆ ಬೆಣ್ಣೆ. ಮಧ್ಯದ ಗಾಲಿ ಬೆಣ್ಣೆ. ನೀರಿನ ಪಂಪಿನದು ಮರಳು ಅರೆದ ಹಾಗೆ ಕರಕರ, ಹಿಡಿದು ಅಲುಗಿಸಿದರೆ ಟಕಟಕ ಆಡುತ್ತದೆ. ಪಂಪಿನ ಕೆಳಗಿನ ಸಣ್ಣ ತೂತಿನ ಸುತ್ತ ಕೂಲಂಟ್ ಒಣಗಿ ಗುಲಾಬಿ ಬಣ್ಣದ ಪಕ್ಕು ಕಟ್ಟಿದೆ. ಊರೊಳಗೆ ಓಡಾಡಿದರೆ ಹದಿನೈದು ದಿನ ಬಾಳೀತು. ಗುಡ್ಡ ಹತ್ತಿದರೆ ಅರ್ಧದಾರಿ.

ಮತ್ತೆ ಬೆಲ್ಟು ಹಾಕಿದೆ.

"ಭಾರಿ ಏನಿಲ್ಲ ಬಿಡು," ಅಂದೆ. "ಆದ್ರೂ ಗುಡ್ಡ ಹತ್ತೋ ಗಾಡಿ. ಗುರುವಾರ ಅವರನ್ನೇ ಕರ್ಕೊಂಡು ಬಾ. ಅವರ ಕಿವಿ ಮುಂದೆ ನಂದೇನು?"

ಅಕ್ಕನ ಮುಖ ಅರಳಿದ್ದನ್ನು ನೋಡಬೇಕಿತ್ತು. ಇಷ್ಟು ವರ್ಷದ ಮೇಲೆ ನಾನೂ ಅವನೂ ಮಾತಾಡುತ್ತೇವೆ ಎಂದು ಅವಳ ಲೆಕ್ಕ. ನನ್ನ ಲೆಕ್ಕ ಬೇರೆ. ಡಿಪೋ ಬಿಡುವಾಗ ನನ್ನ ಸಾಮಾನಿನ ಪೆಟ್ಟಿಗೆಯಲ್ಲಿ ಖಾಲಿ ಹಳದಿ ಕಾರ್ಡಿನ ಒಂದು ಕಟ್ಟು ಬಂದುಬಿಟ್ಟಿತ್ತು. ಅದರಲ್ಲಿ ಒಂದರ ಮೇಲೆ ಅವನ ಕೈಯಲ್ಲೇ ಬರೆಸುತ್ತೇನೆ. ಆಮೇಲೆ ಗುಡ್ಡ ಇದೆ, ಅವನಿದ್ದಾನೆ. ಬಾನೆಟ್ಟಿನಿಂದ ಹೊಗೆ ಏಳುವಾಗ ರಸ್ತೆ ಬದಿಯಲ್ಲಿ ನಿಂತು ಹೆಂಡತಿಗೆ ಹೇಳಲಿ, ಭ್ರಮೆ ಅಂತ.

ಅಕ್ಕ ಹೊರಡುವ ಮುಂಚೆ ಕೂಲಂಟ್ ಮಾತ್ರ ತುಂಬಿಸಿ ಕಳಿಸಿದೆ. ಅವಳು ಮನೆಯ ತನಕ ಓಡಿಸಿಕೊಂಡು ಹೋಗಬೇಕಲ್ಲ.

ಮಾರ್ಚ್ 4, ಮಂಗಳವಾರ

ಹಳದಿ ಕಾರ್ಡಿನ ಕಟ್ಟು ಸಿಕ್ಕಿತು. ಅಂಚು ಇಲಿ ತಿಂದಿದೆ, ಕಾಲಂಗಳು ಹಾಗೇ ಇವೆ. ಬೆಲ್ಟು, ನೀರು, ಎಣ್ಣೆ, ಶಬ್ದ.

ಮಾರ್ಚ್ 6, ಗುರುವಾರ

ಬಂದ! ಬಂದ, ನೋಡಿದ, ಬರೆದುಕೊಟ್ಟ!

ಮೊದಲಿಂದ ಬರೆಯುತ್ತೇನೆ, ಒಂದು ಚೂರೂ ಮರೆಯಬಾರದು. ಹತ್ತು ಗಂಟೆಗೆ ವ್ಯಾನು ಬಂತು. ಅಕ್ಕ ಪಕ್ಕದ ಸೀಟಿನಲ್ಲಿ. ಇಳಿದ ಮನುಷ್ಯನ ತಲೆ ಪೂರ್ತಿ ಬೆಳ್ಳಗಾಗಿದೆ, ಆದರೂ ಅಂಗಿಯ ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಳ್ಳುವ ಚಾಳಿ ಬಿಟ್ಟಿಲ್ಲ. ಅಮ್ಮನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಎದುರುಬದುರು ಕೂತಿದ್ದೆವು, ಆಗಲೂ ಮಾತಿರಲಿಲ್ಲ. ಇವತ್ತು ನಾನೇ ಬಾಯಿ ತೆರೆದೆ.

"ಬನ್ನಿ. ಶಬ್ದ ಅಂತಾಳೆ ಅಕ್ಕ. ನೀವೇ ಒಂದ್ಸಲ ಕೇಳಿಬಿಡಿ."

"ಇವಳಿಗೆ ಗಾಡಿ ಅಂದ್ರೇ ಭಯ ಕಣಮ್ಮ," ಅಂದ. "ವಾಸನೆ ಏನೋ ಇದೆ, ಒಪ್ತೀನಿ. ಮುಚ್ಚಳ ಸಡಿಲ ಇರ್ಬೇಕು."

ಇಂಜಿನ್ ಹಚ್ಚಿದೆ. ಕಿರ್ರೋ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿತು. ಎದುರಿನ ಟೀ ಅಂಗಡಿಯವಳು ಲೋಟ ತೊಳೆಯುವುದನ್ನು ಬಿಟ್ಟು ನೋಡಿದಳು. ನಮ್ಮ ಗ್ಯಾರೇಜಿನ ಯಜಮಾನರು ಅವನ ಬೆನ್ನ ಹಿಂದೆ ನಿಂತು ಎರಡೂ ಕಿವಿಗೆ ಬೆರಳಿಟ್ಟುಕೊಂಡು ನನಗೆ ಸನ್ನೆ ಮಾಡಿದರು, ನಿಲ್ಲಿಸಮ್ಮ ತಾಯಿ ಎಂದು. ಫೋರ್‌ಮನ್ ಮಾತ್ರ ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿದ. ಅರ್ಧ ನಿಮಿಷ. ಕಣ್ಣು ತೆರೆದು ಮೊದಲು ಅಕ್ಕನ ಮುಖ ನೋಡಿದ, ಆಮೇಲೆ ನನ್ನ ಮುಖ.

"ಇಂಜಿನ್ ಗಟ್ಟಿಮುಟ್ಟಾಗಿದೆ. ಎಲ್ಲಿದೆ ಶಬ್ದ?"

"ಪಂಪು..." ಅಂದೆ, ಸುಮ್ಮನೆ ಕೆಣಕಲು.

"ಪಂಪು ಸುಮ್ನೆ ಸಾಯಲ್ಲ. ಕೂಗಿಯೇ ಸಾಯೋದು. ನಿನಗೆ ಕಲಿಸಿದ್ದೇ ನಾನು, ಮರೆತ್ಯಾ? ಕೂಗಿಲ್ಲ ಅಂದ್ರೆ ವಾಸನೆ ಮುಚ್ಚಳದ್ದೇ." ಎಂದು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ.

ಹಳದಿ ಕಾರ್ಡ್ ಮುಂದೆ ಹಿಡಿದೆ. ನೋಡಿ ನಕ್ಕ. "ಇನ್ನೂ ಇಟ್ಕೊಂಡಿದೀಯಾ ಇದನ್ನ?" ಅಂದವನ ಮುಖದಲ್ಲಿ ಸಂತೋಷ ಇತ್ತು, ಅದನ್ನು ಕಂಡು ಮೈ ಉರಿಯಿತು. ಹಳೇ ಚಾಳಿಯಂತೆ "ಬರ್ಕೋ" ಅಂದ.

"ಈ ಸಲ ನೀವೇ ಬರೀರಿ," ಅಂದೆ.

ಬರೆದ. ಅದೇ ಗುಂಡು ಅಕ್ಷರ. ಶಬ್ದ: ಇಲ್ಲ. ಕೆಳಗೆ ಸಹಿ, ತಾರೀಖು.

ಕಾರ್ಡು ಈಗ ಈ ಪುಸ್ತಕದ ನಡುವೆ ಇದೆ. ಅವರು ಹೋದ ಮೇಲೆ ಯಜಮಾನರು ಕೇಳಿದರು: "ಆ ಮನುಷ್ಯ ಏನು ಕಲ್ಲಿನಲ್ಲಿ ಮಾಡಿದ್ದಾ? ನನ್ನ ಹಲ್ಲು ಜುಂ ಅಂತಿದೆ ಇನ್ನೂ." ಮನೆಗೆ ಬಂದು ಅಮ್ಮನಿಗೂ ನನಗೂ ಎರಡೆರಡು ಲೋಟ ಟೀ ಮಾಡಿದೆ.

ಮಾರ್ಚ್ 7, ಶುಕ್ರವಾರ

ಒಂದು ವಿಷಯ ಹೊಂದುತ್ತಿಲ್ಲ.

ವಿಚಾರಣೆಯಲ್ಲಿ ಸುಳ್ಳು ಹೇಳಿದ, ಸರಿ. ಕೆಲಸ ಉಳಿಸಿಕೊಳ್ಳಬೇಕಿತ್ತು. ನಿನ್ನೆ ಯಾಕೆ ಸುಳ್ಳು ಹೇಳಬೇಕು? ವ್ಯಾನು ಅವನದು, ಪಕ್ಕದಲ್ಲಿ ಕೂರುವವಳು ಅವನ ಹೆಂಡತಿ, ಹೋಗುವುದು ಅವನ ಮಗಳ ಮನೆಗೆ. ನನ್ನನ್ನು ಹೀಯಾಳಿಸಲು ತನ್ನ ಹೆಂಡತಿಯನ್ನೇ ಗುಡ್ಡದ ಮೇಲೆ ಕುದಿಸುತ್ತಾನೆಯೇ? ಅಷ್ಟು ಕೆಟ್ಟವನಾಗಿದ್ದರೆ ನನಗೂ ಎಷ್ಟೋ ಸುಲಭವಾಗುತ್ತಿತ್ತು.

ಸಂಜೆ ಅಕ್ಕ ಅಮ್ಮನನ್ನು ನೋಡಲು ಬಂದಳು. ಅಮ್ಮ ಮೊಮ್ಮಗಳ ಮಗುವಿಗೆ ಹಳೇ ಸೀರೆಯ ಹೊದಿಕೆ ಹೊಲಿಯುತ್ತಿದ್ದಾಳೆ, ಇನ್ನೊಂದು ಅಂಚು ಬಾಕಿ ಇದೆ. ನಾನು ಟೀಗೆ ನೀರಿಟ್ಟೆ. ಕೆಟಲ್ ಸಿಳ್ಳೆ ಹಾಕಿತು. ಅಕ್ಕ ಕೂತಲ್ಲಿಂದಲೇ ನಕ್ಕಳು.

"ನೀನಾದ್ರೂ ಎದ್ದು ಆರಿಸ್ತೀಯ. ನಮ್ಮನೇಲಿ ಇದು ಬಾಯಿ ಬಡ್ಕೋತಾ ಇರುತ್ತೆ, ನಿನ್ನ ಭಾವ ಪಕ್ಕದಲ್ಲೇ ಕೂತು ಪೇಪರ್ ಓದ್ತಿರ್ತಾರೆ. ನೀರು ಪೂರ್ತಿ ಆವಿಯಾಗಿ ತಳ ಕಪ್ಪಾದ್ರೂ ಏಳಲ್ಲ. ಮೂರು ಕೆಟಲ್ ಹೋಯ್ತು. ಕೇಳಿಸಿದ್ರೂ ಕೇಳಿಸದಂಗೆ ಕೂರೋದು ಈ ಗಂಡಸರಿಗೆ ಹುಟ್ಟುಗುಣ."

ಸಕ್ಕರೆ ಡಬ್ಬಿ ಕೆಳಗಿಟ್ಟೆ. "ಯಾವಾಗಿಂದ?"

"ಏನು ಯಾವಾಗಿಂದ?"

"ಕೆಟಲ್."

"ಅಯ್ಯೋ, ಮಗಳು ಸ್ಕೂಲಲ್ಲಿದ್ದಾಗಿಂದ. ಅವಳಿಗೆ ಜ್ವರ ಬಂದಾಗ ಥರ್ಮಾಮೀಟರ್ ಪೀಂ ಅಂತಾನೇ ಇರೋದು, ಇವರು ಅದನ್ನ ಹಿಡ್ಕೊಂಡು, ಇನ್ನೂ ಆಗಿಲ್ಲ ಇನ್ನೂ ಆಗಿಲ್ಲ ಅಂತಿದ್ರು. ತಮಾಷೆಗೆ ಅಂದ್ಕೊಂಡು ಅವಳು ಬಿದ್ದು ಬಿದ್ದು ನಗೋಳು."

ಅವಳು ಸ್ಕೂಲಲ್ಲಿದ್ದದ್ದು ನಾನು ಡಿಪೋದಲ್ಲಿದ್ದಾಗ.

ಅಕ್ಕನಿಗೆ ಇವತ್ತಿಗೂ ಏನೂ ಹೊಳೆದಿಲ್ಲ. ಟೀ ಕುಡಿದು, ಲೋಟ ತೊಳೆದಿಟ್ಟು ಹೋದಳು.

ಅವನಿಗೆ ಕೀರಲು ಸದ್ದು ಕೇಳಿಸುವುದಿಲ್ಲ. ಮಾತು ಕೇಳಿಸುತ್ತದೆ, ಇಂಜಿನ್ನಿನ ಗುಡುಗು ಕೇಳಿಸುತ್ತದೆ. ಸಿಳ್ಳೆ, ಪೀಪಿ, ಬೆಲ್ಟಿನ ಕೂಗು, ಇದು ಯಾವುದೂ ಇಲ್ಲ. ಆವತ್ತೂ ಇರಲಿಲ್ಲ.

ಮಾರ್ಚ್ 8, ಶನಿವಾರ

ಯೋಚಿಸಿದಷ್ಟೂ ಕೋಪ ಹೆಚ್ಚಾಗುತ್ತಿದೆ. ಇಷ್ಟು ವರ್ಷ ನಾನು ಒಬ್ಬ ಸುಳ್ಳನನ್ನು ದ್ವೇಷಿಸಿದೆ. ಈಗ ನೋಡಿದರೆ ಕಿವುಡ. ನನ್ನ ದ್ವೇಷವನ್ನೂ ಅವನು ಲೂಟಿ ಮಾಡಿದನಲ್ಲ!

ಆದರೆ ಇದು ಹಳೇ ಯೋಜನೆಗಿಂತ ಚೆನ್ನಾಗಿದೆ. ಗುಡ್ಡದ ಮೇಲೆ ಹೊಗೆ ಎದ್ದರೆ ಯಾರು ನೋಡುತ್ತಾರೆ? ಅದರ ಬದಲು ನಾಲ್ಕು ಜನರ ಮುಂದೆ ಹೇಳಬೇಕು. ಡಿಪೋದ ತೀರ್ಪಿನ ಕಿವಿ ಸತ್ತು ಹನ್ನೊಂದು ವರ್ಷಕ್ಕೂ ಹೆಚ್ಚಾಯಿತು, ಇವರು ಸತ್ತ ಕಿವಿ ಇಟ್ಟುಕೊಂಡು ಬಸ್ಸು ಬಿಟ್ಟರು, ನನ್ನನ್ನು ಬಲಿ ಕೊಟ್ಟರು ಎಂದು. ಒಂದೇ ಮಾತು ಸಾಕು: ನಿಮ್ಮ ಕಿವಿ ಸತ್ತಿದೆ. ಆ ಮನುಷ್ಯನಿಗೆ ಉಳಿದಿರುವುದು ಆ ಹೆಸರೊಂದೇ. ಅದು ಹೋಗಲಿ, ನನ್ನದು ಹೋದ ಹಾಗೆ.

ನಾಳೆ ಬೆಳಿಗ್ಗೆ ಏಳಕ್ಕೆ ಅವರು ಗ್ಯಾರೇಜಿನ ಮುಂದೆ ನಿಲ್ಲಿಸಿ ಅಮ್ಮನ ಹೊದಿಕೆ ತೆಗೆದುಕೊಂಡು ಹೋಗುತ್ತಾರೆ. ಡಿಪೋದ ಹಳೇ ಪೇಂಟರ್‌ಗೆ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ವಿಚಾರಣೆಯಲ್ಲಿ ಇಬ್ಬರೂ ತಲೆ ತಗ್ಗಿಸಿ ಕೂತಿದ್ದವರು. ಟೀ ಕೊಡಿಸುತ್ತೇನೆ ಬನ್ನಿ ಅಂದೆ. ಬರುತ್ತಾರೆ. ಯಜಮಾನರಂತೂ ಭಾನುವಾರವೂ ಅಲ್ಲೇ ಇರುತ್ತಾರೆ, ಮನೆಯಲ್ಲಿ ಅವರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಹೇಳಬೇಕಾದ ಮಾತನ್ನು ಕನ್ನಡಿ ಮುಂದೆ ನಾಲ್ಕು ಸಲ ಹೇಳಿಕೊಂಡೆ. ಅಮ್ಮ ಹಾದುಹೋಗುತ್ತಾ, "ಯಾರ ಜೊತೆ ಜಗಳ?" ಅಂದಳು.

ಬರುವಾಗ ಬಿಡಿಭಾಗದ ಅಂಗಡಿಗೆ ಹೋಗಿದ್ದೆ. ಆ ವ್ಯಾನಿಗೆ ಹೊಂದುವ ನೀರಿನ ಪಂಪು ಒಂದೇ ಒಂದು ಇತ್ತು. ತಂದಿಟ್ಟೆ, ಗ್ಯಾಸ್ಕೆಟ್ಟೂ ಹೊಸ ಬೆಲ್ಟೂ ಸೇರಿ. ಗ್ಯಾರೇಜಿನಲ್ಲಿ ಇದ್ದರೆ ಯಾರಿಗಾದರೂ ಬೇಕಾಗುತ್ತದೆ.

ಸೈಕಲ್ ಸ್ಟ್ಯಾಂಡ್ ಕಡೆಯಿಂದ ಬಂದಿದ್ದರೆ ಹತ್ತು ನಿಮಿಷ ಉಳಿಯುತ್ತಿತ್ತು. ಅಲ್ಲಿ ಡ್ರೈವರಣ್ಣ ಟೋಕನ್ ಕೊಡುತ್ತಾ ಕೂತಿರುತ್ತಾನೆ. ಎಂದಿನಂತೆ ಹಿಂದಿನ ಗಲ್ಲಿಯಿಂದಲೇ ಬಂದೆ.

ಮಾರ್ಚ್ 9, ಭಾನುವಾರ

ಕೈಗೆ ಇನ್ನೂ ಗ್ರೀಸ್ ಇದೆ, ಪುಟಕ್ಕೆ ಹತ್ತುತ್ತಿದೆ. ಹತ್ತಲಿ.

ಏಳಕ್ಕೆ ಐದು ನಿಮಿಷ ಇರುವಾಗ ಕೂಗು ಕೇಳಿಸಿತು. ಪೇಂಟರ್ ಟೀ ಲೋಟ ಕೆಳಗಿಟ್ಟು "ಏನದು?" ಅಂದ. ಎಲೆಕ್ಟ್ರಿಷಿಯನ್ ನನ್ನ ಮುಖ ನೋಡಿದ. ಅವನಿಗೆ ಬಸ್ಸು ನೆನಪಾಗಿರಬೇಕು.

ವ್ಯಾನಿನ ಹಿಂದೆ ಗಂಟುಗಳು, ಒಂದು ಹಳೇ ತೊಟ್ಟಿಲು. ಅಕ್ಕ ಪಕ್ಕದ ಸೀಟು ಬಿಟ್ಟು ಹಿಂದೆ ಕೂತಿದ್ದಳು, ತೊಟ್ಟಿಲು ಅಲುಗದ ಹಾಗೆ ಒಂದು ಕೈಯಿಂದ ಹಿಡಿದುಕೊಂಡು. ಹೊದಿಕೆ ಕೊಟ್ಟೆ.

"ಬೇಗ ಬೇಗ," ಅಂದ ಫೋರ್‌ಮನ್, ಇಂಜಿನ್ ನಿಲ್ಲಿಸದೆ. "ಬಿಸಿಲೇರೋ ಮುಂಚೆ ಗುಡ್ಡ ಹತ್ತಿಬಿಡ್ಬೇಕು."

ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿ ಕಿತ್ತುಕೊಂಡೆ. ಇದು ನನ್ನ ಯೋಜನೆಯಲ್ಲಿ ಇರಲಿಲ್ಲ.

"ಏನಮ್ಮ ಇದು?"

"ಗಾಡಿ ಹೋಗಲ್ಲ. ಶಬ್ದ ಇದೆ."

"ನಾನೇ ಕೇಳಿ ಬರೆದುಕೊಟ್ಟಿದೀನಲ್ಲ."

"ನನಗೆ ಕೇಳಿಸ್ತಿದೆ."

"ಆವತ್ತೂ ಹೀಗೇ ಅಂದೆ," ಅಂದ. ಜೋರಾಗಿ ಅನ್ನಲಿಲ್ಲ. ಸುಸ್ತಾದವನ ಹಾಗೆ ಅಂದ. "ಅಂದು, ಆಮೇಲೆ ಇಲ್ಲ ಅಂತ ಬರೆದೆ."

ಎಲ್ಲರೂ ಎದ್ದು ಹತ್ತಿರ ಬಂದಿದ್ದರು. ಪೇಂಟರ್, ಎಲೆಕ್ಟ್ರಿಷಿಯನ್, ಯಜಮಾನರು, ಟೀ ಅಂಗಡಿಯವಳು. ಇದಕ್ಕಿಂತ ಒಳ್ಳೆಯ ಗಳಿಗೆ ಎಲ್ಲಿ ಸಿಗಬೇಕು! ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ನಿಮ್ಮ ಕಿವಿ ಸತ್ತಿದೆ. ಮೂರೇ ಪದ. ಅಕ್ಕ ತೊಟ್ಟಿಲು ಹಿಡಿದುಕೊಂಡೇ ನನ್ನನ್ನೂ ಅವರನ್ನೂ ಬದಲು ಬದಲಾಗಿ ನೋಡುತ್ತಿದ್ದಳು.

ಯಾಕೆ ಹೇಳಲಿಲ್ಲವೋ ನನಗೆ ಗೊತ್ತಿಲ್ಲ.

"ಇಳೀರಿ," ಅಂದೆ. ಬಾಗಿಲು ತೆಗೆದೆ. ಇಳಿದರು. ಬಾನೆಟ್ ಎತ್ತಿ, ಬೆಲ್ಟು ಸಡಿಲಿಸಿ ಕಳಚಿದೆ. ಆ ಮನುಷ್ಯನ ಬಲಗೈ ಹಿಡಿದು ಎಳೆದು ಪಂಪಿನ ಗಾಲಿಯ ಮೇಲಿಟ್ಟೆ. "ಕಿವಿ ಬಿಡಿ. ಕೈಯಲ್ಲಿ ನೋಡಿ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕಣ್ಣು ಮುಚ್ಚಿದರು. ಗಾಲಿಯನ್ನು ಒಂದು ಸುತ್ತು ತಿರುಗಿಸಿದರು, ನಿಧಾನಕ್ಕೆ ಇನ್ನೊಂದು ಸುತ್ತು. ಅಂಚು ಹಿಡಿದು ಆಚೀಚೆ ಅಲುಗಿಸಿದರು. ಅವರ ಬೆರಳು ನನಗೆ ಗೊತ್ತು. ಎಲ್ಲಿ ನಿಂತಿತೋ ಅಲ್ಲಿ ಅರ್ಥವಾಗಿದೆ ಎಂದು. ಬೆರಳು ಕೆಳಗೆ ಜಾರಿ ತೂತಿನ ಹತ್ತಿರ ಹೋಯಿತು. ಗುಲಾಬಿ ಪಕ್ಕು ಉಗುರಿಗೆ ಹತ್ತಿತು. ಮೂಸಿ ನೋಡಿದರು.

"ಇದು ಕೂಗ್ತಾ ಇರ್ಬೇಕಲ್ಲ," ಅಂದರು.

"ಕೂಗ್ತಾ ಇದೆ."

"ಈಗ ಬರೋವಾಗ್ಲೂ?"

"ಬೀದಿ ತುದಿಯಿಂದ."

ಪೇಂಟರ್ ಕಡೆ ತಿರುಗಿದರು, ಎಲೆಕ್ಟ್ರಿಷಿಯನ್ ಕಡೆ ತಿರುಗಿದರು. ಇಬ್ಬರೂ ನೆಲ ನೋಡಿದರು. ನಮ್ಮ ಯಜಮಾನರಿಗೆ ಹಿಂದುಮುಂದು ಏನೂ ಗೊತ್ತಿಲ್ಲ. "ಸ್ವಾಮಿ, ಸತ್ತವರೂ ಎದ್ದು ಕೂರೋ ಕೂಗು ಅದು," ಅಂದುಬಿಟ್ಟರು. ಅವರ ಬಾಯಿಗೆ ಬೀಗ ಹಾಕುವವರು ಯಾರು!

ಭಾವ ಟೀ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತರು. ಉಗುರಿನಲ್ಲಿದ್ದ ಪಕ್ಕನ್ನು ತಿಕ್ಕುತ್ತಲೇ ಇದ್ದರು.

"ಎರಡು ವರ್ಷದ ಹಿಂದೆ ಡಾಕ್ಟರ್ ಪರೀಕ್ಷೆ ಮಾಡಿದ್ರು," ಅಂದರು. ಎಲ್ಲರಿಗೂ ಕೇಳುವ ಹಾಗೆಯೇ ಅಂದರು. "ಕೀರಲು ಸದ್ದು ನಿಮಗೆ ಕೇಳಿಸೋದು ಹೋಗಿ ತುಂಬಾ ವರ್ಷ ಆಗಿದೆ, ವರ್ಕ್‌ಶಾಪಿನ ಗಲಾಟೆಗೆ ಹೀಗಾಗುತ್ತೆ ಅಂದ್ರು. ಎಷ್ಟು ವರ್ಷ ಅಂದೆ. ಹತ್ತು ಹದಿನೈದು ಅಂದ್ರು. ಮನೆಗೆ ಬರೋ ದಾರೀಲಿ ಎಣಿಸ್ಕೊಂಡು ಬಂದೆ." ನನ್ನ ಕಡೆ ತಿರುಗಿದರು. "ಆವತ್ತು ನಾನು ಸುಳ್ಳು ಹೇಳ್ಲಿಲ್ಲ ಪುಟ್ಟಿ. ಆದ್ರೆ ಗೊತ್ತಾದ ಮೇಲೂ ಎರಡು ವರ್ಷ ಬಾಯಿ ಮುಚ್ಕೊಂಡಿದ್ದೆ. ಮೊನ್ನೆ ಗುರುವಾರವೂ ಒಪ್ಕೊಳ್ಳೋಕೆ ನಾಚಿಕೆಯಾಗಿ ಇಲ್ಲ ಅಂತ ಬರೆದೆ. ಅದು ಸುಳ್ಳಿಗಿಂತ ಕಮ್ಮಿ ಏನಲ್ಲ."

ಅಕ್ಕ ವ್ಯಾನಿನಿಂದ ಇಳಿದು ಬಂದಳು. "ಹಾಗಾದ್ರೆ ಕೆಟಲ್ಲು?" ಅಂದಳು. ಯಾರೂ ನಗಲಿಲ್ಲ. ಅವಳು ಅವರ ಪಕ್ಕ ಕೂತು ಸೆರಗಿನಿಂದ ಅವರ ಬೆರಳು ಒರೆಸಿದಳು.

"ಆ ಕಾರ್ಡ್ ಎಲ್ಲಿ?" ಅಂದರು ಭಾವ.

ಹರಿದುಹಾಕುತ್ತಾರೆ ಅಂದುಕೊಂಡು ಕೊಡಲು ಹಿಂದೆಮುಂದೆ ನೋಡಿದೆ. ಚೀಲದಿಂದ ತೆಗೆದೆ. ಕೊಟ್ಟೆ. ತಿರುಗಿಸಿ ಹಿಂಬದಿಯಲ್ಲಿ ಬರೆದರು. ಮೊದಲು ಆ ಬಸ್ಸಿನ ನಂಬರು, ಯೋಚಿಸಲೂ ಇಲ್ಲ. ಆ ದಿನದ ತಾರೀಖು. ಆಮೇಲೆ: ಶಬ್ದ ಇತ್ತು. ಪರೀಕ್ಷೆ ಮಾಡಿದವಳು ಹೇಳಿದ್ದಳು. ನನಗೆ ಕೇಳಿಸಲಿಲ್ಲ. ಬಸ್ಸು ಬಿಟ್ಟವನು ನಾನು. ಸಹಿ.

"ಎಲ್ಲಿ ಬೇಕಾದ್ರೂ ತೋರಿಸು," ಅಂದರು.

ಹನ್ನೊಂದು ವರ್ಷ ಈ ಗಳಿಗೆಗೆ ಹಲ್ಲು ಕಡಿದುಕೊಂಡು ಕಾದಿದ್ದೇನೆ. ಹೊಟ್ಟೆ ತಣ್ಣಗಾಗಬೇಕಿತ್ತು. ನನಗೆ ಬಂದದ್ದು ಒಂದೇ ಯೋಚನೆ, ಬಿಸಿಲೇರಿದರೆ ಅಂಗಳದಲ್ಲಿ ಮಲಗಿ ಕೆಲಸ ಮಾಡುವುದು ಕಷ್ಟ ಎಂದು. ಒಳಗಿಂದ ಪಂಪು ತಂದೆ.

"ಇದು ಇದರದ್ದೇ ಪಂಪಲ್ವಾ?" ಅಂದರು ಭಾವ. "ಯಾವಾಗ ತಂದೆ?"

"ಮೊದಲಿಂದ ಇತ್ತು," ಅಂದೆ. "ಹನ್ನೆರಡರ ಸ್ಪ್ಯಾನರ್ ಕೊಡಿ."

ಕೊಟ್ಟರು. ಮಧ್ಯಾಹ್ನದ ತನಕ ಕೊಡುತ್ತಲೇ ಇದ್ದರು. ಕೇಳುವ ಮೊದಲೇ ಸರಿಯಾದ್ದನ್ನೇ ಕೈಗಿಡುತ್ತಿದ್ದರು. ಕ್ಷಮಿಸಿದ್ದೇನೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಇಬ್ಬರು ಮಾಡುವ ಕೆಲಸ ಅದು, ಅಷ್ಟೇ. ಹೊಸ ಪಂಪು ಹಾಕಿ ಇಂಜಿನ್ ಹಚ್ಚಿದಾಗ ಭಾವ ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲ ಎಂದು ತಲೆಯಾಡಿಸಿದೆ. ಆಗ ಅವರು ಬಾನೆಟ್ ಮುಚ್ಚಿದರು.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಹೊರಟರು. ಹತ್ತೂವರೆಗೆ ಅಕ್ಕನ ಫೋನು: ಗುಡ್ಡ ದಾಟಿದೆವು, ಗಾಡಿ ಉಸಿರೂ ಬಿಡಲಿಲ್ಲ. ಇಳಿಜಾರಿನಲ್ಲಿ ಭಾವ ಜೋರು ಓಡಿಸದ ಹಾಗೆ ನೋಡಿಕೋ ಅಂದೆ.

ಮಾರ್ಚ್ 14, ಶುಕ್ರವಾರ

ಕಾರ್ಡು ಐದು ದಿನದಿಂದ ಚೀಲದಲ್ಲಿದೆ. ಡಿಪೋಗೆ ಕಳಿಸಬೇಕು, ದೊಡ್ಡ ಸಾಹೇಬರ ಮೇಜಿನ ಮೇಲೆ ಬಡಿಯಬೇಕು ಎಂದೆಲ್ಲ ಪತ್ರ ಬರೆದು ಇಟ್ಟಿದ್ದೇನೆ. ಅದಕ್ಕೆ ಮುಂಚೆ ಡ್ರೈವರಣ್ಣನಿಗೆ ತೋರಿಸಬೇಕು ಅನ್ನಿಸಿತು. ಸುಟ್ಟುಕೊಂಡವನು ಅವನು, ಸುಟ್ಟವರು ಯಾರು ಎಂದು ಅವನಿಗೆ ಲಿಖಿತದಲ್ಲಿ ಗೊತ್ತಾಗಲಿ.

ಸಂಜೆ ನೇರ ರಸ್ತೆಯಲ್ಲೇ ಹೋದೆ. ಸೈಕಲ್ ಸ್ಟ್ಯಾಂಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ಟೋಕನ್‌ಗಳನ್ನು ಎಡಗೈಯಲ್ಲೇ ಕೊಡುತ್ತಾನೆ. ನನ್ನನ್ನು ಕಂಡು ಏಳಲಿಲ್ಲ.

"ಬಾ ಪೀಪಿ. ಇಷ್ಟು ವರ್ಷದಿಂದ ಹಿಂದಿನ ಗಲ್ಲೀಲೇ ಓಡಾಡ್ತೀಯಲ್ಲ, ಚರಂಡಿ ವಾಸನೆ ಹಿಡಿಸ್ತಾ?"

ಗೊತ್ತಿತ್ತು ಅವನಿಗೆ. ಕಾರ್ಡ್ ಕೊಟ್ಟೆ. ಮುಂಬದಿ ಓದಿದ, ಹಿಂಬದಿ ಓದಿದ. ಇಬ್ಬರು ಸೈಕಲ್ಲಿನವರು ಬಂದರು, ಅವರಿಗೆ ಟೋಕನ್ ಕೊಟ್ಟು ಮತ್ತೆ ಓದಿದ.

"ಫೋರ್‌ಮನ್ ಅವರದ್ದು ಸಹಿ ಇದೆ," ಅಂದ. "ನಿಂದೆಲ್ಲಿ?"

"ನಂದ್ಯಾಕಣ್ಣ? ನಾನು ಆವತ್ತೇ ಶಬ್ದ ಇದೆ ಅಂತ ಹೇಳಿದ್ದೆ."

"ಅವರಿಗೆ ಹೇಳಿದ್ದೆ. ನನಗೆ ಹೇಳಿದ್ಯಾ?"

ಕಾರ್ಡಿಗೆ ಕೈ ಚಾಚಿದೆ. ಅವನು ಕೊಡಲಿಲ್ಲ.

"ಆ ಕೂಗು ನನಗೂ ಕೇಳಿಸ್ತು," ಅಂದ. "ಹದಿನೆಂಟು ವರ್ಷ ಬಸ್ಸು ಓಡಿಸಿದೋನಿಗೆ ಕೇಳಿಸಲ್ವಾ? ಕೀ ತಿರುಗಿಸ್ದೆ, ಕೂಗ್ತು, ಕೆಳಗಿಳಿಯೋಣ ಅಂತ ಬಾಗಿಲಿಗೆ ಕೈ ಹಾಕ್ದೆ. ಆಗ ಸ್ಟೀರಿಂಗ್ ಪಕ್ಕ ಸಿಕ್ಕಿಸಿದ್ದ ಕಾರ್ಡ್ ನೋಡ್ದೆ. ಫೋರ್‌ಮನ್ ಹೆಸರಿದ್ದಿದ್ರೆ ಇಳಿದುಬಿಡ್ತಿದ್ದೆ. ಅವರು ಸಾವಿರ ಬಸ್ಸು ಬಿಡೋರು, ಒಂದೊಂದನ್ನೂ ಎಲ್ಲಿ ಗಮನಿಸ್ತಾರೆ. ಕೆಳಗೆ ನಿನ್ನ ಸಹಿ ಇತ್ತು. ಇವಳು ಅಳುಕದೆ ಹೇಳೋ ಹುಡುಗಿ, ಇವಳೇ ಇಲ್ಲ ಅಂದಮೇಲೆ ಇಲ್ಲ ಅಂತ ಗಾಡಿ ತೆಗ್ದೆ." ಕಾರ್ಡನ್ನು ಮೊಣಕಾಲ ಮೇಲಿಟ್ಟುಕೊಂಡ. "ಆಸ್ಪತ್ರೇಲಿ ಎರಡು ತಿಂಗಳು ಮಲಗಿದ್ದೆ. ಯಾರಾದ್ರೂ ಬಂದ್ರೆ ಇದನ್ನ ಹೇಳೋಣ ಅಂತಿದ್ದೆ. ನೀನು ಬರ್ಲೇ ಇಲ್ಲ."

ಹನ್ನೊಂದು ವರ್ಷದಲ್ಲಿ ನನ್ನ ಬಗ್ಗೆ ನಾನು ಬರೆದ ದಿನಚರಿ ಪುಸ್ತಕಗಳು ಏಳು ಇವೆ. ಅವುಗಳಲ್ಲಿ ಎಲ್ಲೂ ಈ ಮಾತಿಲ್ಲ. ನನಗೆ ಕೇಳಿಸಿತ್ತು. ಕೇಳಿಸಿಯೂ ಇಲ್ಲ ಎಂದು ಬರೆದವಳು ಆ ಡಿಪೋದಲ್ಲಿ ನಾನೊಬ್ಬಳೇ.

"ಪೆನ್ ಕೊಡಣ್ಣ," ಅಂದೆ.

ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ ಕೊಟ್ಟ. ಭಾವನ ಸಹಿಯ ಕೆಳಗೆ ಜಾಗ ಸ್ವಲ್ಪವೇ ಇತ್ತು. ಸಣ್ಣದಾಗಿ ಬರೆದೆ: ನನಗೆ ಕೇಳಿಸಿತ್ತು. ಇಲ್ಲ ಎಂದು ಬರೆದು ಸಹಿ ಮಾಡಿದೆ. ರಸ್ತೆಯ ಗಾಳಿಗೆ ಕಾರ್ಡು ಹಾರುತ್ತಿತ್ತು. ಡ್ರೈವರಣ್ಣ ಸುಟ್ಟ ಕೈಯನ್ನು ಅದರ ಅಂಚಿನ ಮೇಲೆ ಒತ್ತಿ ಹಿಡಿದ. ಆ ಕೈಯನ್ನು ಇವತ್ತೇ ನಾನು ಸರಿಯಾಗಿ ನೋಡಿದ್ದು.

ಸಹಿ ಮಾಡಿ ಕಾರ್ಡನ್ನು ಅವನ ಹತ್ತಿರವೇ ಬಿಟ್ಟು ಬಂದೆ.